ಎತ್ತರದ ಗಾಡಿಯಲ್ಲಿ ಡ್ರಿಫ್ಟ್: ನಾನು ಮಾಡಿ ನೋಡಿದ್ದು

ಆಫ್‌ರೋಡ್ ಎಸ್‌ಯುವಿಯಲ್ಲಿ ಡ್ರಿಫ್ಟ್ (ಗಾಡಿಯನ್ನು ಅಡ್ಡಡ್ಡ ಜಾರಿಸುತ್ತಾ ತಿರುಗಿಸುವುದು) ಮಾಡಬಹುದಾ ಅಂತ ಯಾರಾದರೂ ಕೇಳಿದರೆ, ಯಾವ ನೆಲದ ಮೇಲೆ ಅಂತ ನಾನು ಮೊದಲು ಕೇಳುತ್ತೇನೆ. ಒದ್ದೆ ಮಣ್ಣಿನ ಬಯಲಲ್ಲಿ ಮಾಡಬಹುದು, ಚೆನ್ನಾಗಿಯೇ ಆಗುತ್ತದೆ. ಒಣ ಡಾಂಬರಿನ ಮೇಲೆ ಬೇಡ. ಎರಡನ್ನೂ ಮಾಡಿ ನೋಡಿಯೇ ಹೇಳುತ್ತಿದ್ದೇನೆ.

ನನ್ನದು ಲ್ಯಾಡರ್ ಫ್ರೇಮ್ (ಏಣಿಯಂಥ ಉಕ್ಕಿನ ಚೌಕಟ್ಟು) ಮೇಲೆ ಕೂತ ಡೀಸೆಲ್ ಗಾಡಿ. ಮ್ಯಾನುಯಲ್ ಗೇರ್, ತೂಕ ಸುಮಾರು 1,900 ಕೆಜಿ. 2ಎಚ್ ಅನ್ನುವ ಎರಡು ಚಕ್ರದ ಡ್ರೈವ್‌ನಲ್ಲಿ ಹಿಂದಿನ ಚಕ್ರಗಳು ಮಾತ್ರ ತಳ್ಳುತ್ತವೆ. ಹ್ಯಾಂಡ್‌ಬ್ರೇಕ್ ಕೂಡ ಕೈಯಲ್ಲಿ ಎಳೆಯುವಂಥದ್ದು. ಹಿಂದಿನ ಚಕ್ರದ ಡ್ರೈವ್, ಕೈಗೆ ಸಿಗುವ ಹ್ಯಾಂಡ್‌ಬ್ರೇಕ್, ಬೇಕಾದಷ್ಟು ಟಾರ್ಕ್. ಡ್ರಿಫ್ಟ್‌ಗೆ ಇನ್ನೇನು ಬೇಕು ಅಂದುಕೊಂಡಿದ್ದೆ.

ಮೊದಲ ಸಲ ಮಳೆ ನಿಂತ ಮಾರನೇ ದಿನ ಒಂದು ಖಾಲಿ ಬಯಲಿಗೆ ಹೋದೆ. ಜನ ಇಲ್ಲ, ಮರ ಇಲ್ಲ. ಗಾಡಿ ಇಳಿಸುವ ಮುಂಚೆ ಇಡೀ ಜಾಗವನ್ನು ನಡೆದು ನೋಡಿದೆ. ಕಲ್ಲು ಎತ್ತಿ ಹಾಕಿದೆ, ಗುಂಡಿ ಮುಚ್ಚಿದೆ. ಇದು ತುಂಬಾ ಮುಖ್ಯ. ಎತ್ತರದ ಗಾಡಿ ಸುಮ್ನೆ ಜಾರುತ್ತಾ ಇರುವಾಗ ಪಲ್ಟಿ ಹೊಡೆಯುವುದು ಕಡಿಮೆ. ಅಡ್ಡ ಜಾರುತ್ತಿರುವ ಟಯರು ಕಲ್ಲಿಗೋ ಗುಂಡಿಯ ಅಂಚಿಗೋ ಸಿಕ್ಕಿ ಥಟ್ಟನೆ ನಿಂತಾಗ, ಮೇಲಿನ ಭಾರ ಮಾತ್ರ ಮುಂದಕ್ಕೆ ಹೋಗುತ್ತದೆ. ಹೆಚ್ಚಿನ ಪಲ್ಟಿಗಳು ಆಗುವುದು ಹಾಗೆ.

2ಎಚ್, ಎರಡನೇ ಗೇರ್, ಗಂಟೆಗೆ 30 ಕಿಮೀ. ಸ್ಟೇರಿಂಗ್ ತಿರುಗಿಸಿ ಹ್ಯಾಂಡ್‌ಬ್ರೇಕ್ ಎಳೆದು ಬಿಟ್ಟೆ. ಹಿಂಭಾಗ ಹೊರಗೆ ಬಂತು. ಆಕ್ಸಿಲರೇಟರ್ ಒತ್ತಿದೆ. ಅರ್ಧ ಸುತ್ತು ಹೋಗುವಷ್ಟರಲ್ಲಿ ಡ್ರಿಫ್ಟ್ ಸತ್ತುಹೋಯಿತು. ಕಾರಣ ಆಮೇಲೆ ಗೊತ್ತಾಯಿತು. ಗಾಡಿ ಹೊರಕ್ಕೆ ವಾಲಿದಾಗ ಒಳಗಡೆಯ ಹಿಂದಿನ ಚಕ್ರ ಹಗುರವಾಗುತ್ತದೆ. ಓಪನ್ ಡಿಫರೆನ್ಷಿಯಲ್ (ಎಡ ಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಜೋಡಣೆ) ಇದ್ದರೆ ಆ ಹಗುರ ಚಕ್ರ ಸುಮ್ನೆ ಗಿರಗಿರ ತಿರುಗುತ್ತದೆ, ಭಾರ ಹೊತ್ತ ಚಕ್ರಕ್ಕೆ ತಳ್ಳುವ ಬಲ ಸಿಗುವುದಿಲ್ಲ. ಹಿಂದಿನ ಎರಡೂ ಚಕ್ರಗಳನ್ನು ಒಟ್ಟಿಗೆ ತಿರುಗಿಸುವ ಲಾಕರ್ ಹಾಕೋಣ ಅಂದರೆ ನನ್ನ ಗಾಡಿಯಲ್ಲಿ ಅದು 4ಎಲ್‌ನಲ್ಲಿ (ನಾಲ್ಕು ಚಕ್ರದ ನಿಧಾನ ಗೇರ್) ಮಾತ್ರ ಕೆಲಸ ಮಾಡುತ್ತದೆ. ಅಲ್ಲಿ ವೇಗವೇ ಬರುವುದಿಲ್ಲ.

ಇನ್ನೊಂದು ತೊಂದರೆ ಸ್ಟೇರಿಂಗ್. ಈ ತುದಿಯಿಂದ ಆ ತುದಿಗೆ ಹೆಚ್ಚುಕಡಿಮೆ ನಾಲ್ಕು ಸುತ್ತು. ಕಲ್ಲುಬಂಡೆ ಹತ್ತುವಾಗ ಅದು ವರ. ಆದರೆ ಹಿಂಭಾಗ ಹೊರಗೆ ಓಡುತ್ತಿರುವಾಗ ಕೌಂಟರ್ ಸ್ಟಿಯರ್ ಕೊಡಲು, ಅಂದರೆ ಸ್ಟೇರಿಂಗನ್ನು ಬೇಗ ಎದುರು ದಿಕ್ಕಿಗೆ ತಿರುಗಿಸಲು, ಕೈ ಸಾಲುವುದಿಲ್ಲ. ಗಾಡಿ ಜಾರದಂತೆ ತಾನೇ ತಡೆಯುವ ಸ್ಟೆಬಿಲಿಟಿ ಕಂಟ್ರೋಲನ್ನು ಬಟನ್ ಒತ್ತಿ ಆಫ್ ಮಾಡಿದ್ದೆ, ಆದರೂ ಬ್ರೇಕ್ ಮುಟ್ಟಿದ ತಕ್ಷಣ ಅದು ಮತ್ತೆ ಕೈ ಹಾಕುತ್ತಿತ್ತು.

ಆಮೇಲೆ 4ಎಚ್ (ಮಾಮೂಲಿ ವೇಗದ ನಾಲ್ಕು ಚಕ್ರದ ಡ್ರೈವ್) ಹಾಕಿ ನೋಡಿದೆ. ಅಲ್ಲಿ ಕಥೆಯೇ ಬೇರೆ. ನಾಲ್ಕೂ ಚಕ್ರ ಒಟ್ಟಿಗೆ ಜಾರುತ್ತವೆ, ರ‍್ಯಾಲಿ ಗಾಡಿಯ ಹಾಗೆ. ಹ್ಯಾಂಡ್‌ಬ್ರೇಕ್ ಇಲ್ಲಿ ಉಪಯೋಗವಿಲ್ಲ. ಮುಂದಿನ ಹಿಂದಿನ ಆಕ್ಸಲ್‌ಗಳ ನಡುವೆ ಡಿಫರೆನ್ಷಿಯಲ್ ಇಲ್ಲದ್ದರಿಂದ ಹ್ಯಾಂಡ್‌ಬ್ರೇಕ್ ಮುಂದಿನ ಚಕ್ರಗಳನ್ನೂ ಹಿಡಿಯುತ್ತದೆ. ಬದಲಿಗೆ ತಿರುವಿಗೆ ಸ್ವಲ್ಪ ಮುಂಚೆ ಆಕ್ಸಿಲರೇಟರ್ ಬಿಡಬೇಕು. ಭಾರ ಮುಂದಕ್ಕೆ ಬರುತ್ತದೆ, ಹಿಂಭಾಗ ಹಗುರವಾಗಿ ಸಡಿಲುತ್ತದೆ. ಆಗ ಸ್ಟೇರಿಂಗ್ ಕೊಟ್ಟು ಮತ್ತೆ ಒತ್ತಬೇಕು. ಮೂರನೇ ದಿನ ಒಂದು ಪೂರ್ತಿ ಸುತ್ತು ಒಂದೇ ಕೋನದಲ್ಲಿ ಹೋಯಿತು. ಕಿಟಕಿಯ ಗಾಜಿನ ತುಂಬಾ ಕೆಸರು, ನನಗೆ ಖುಷಿಯೋ ಖುಷಿ.

ಆ ಧೈರ್ಯದಲ್ಲೇ ಒಣ ಡಾಂಬರಿಗೆ ಹೋದೆ. ಅದೂ ಮುಚ್ಚಿದ ಖಾಲಿ ಜಾಗವೇ, ಹೆಲ್ಮೆಟ್ ಹಾಕಿದ್ದೆ. ಡಾಂಬರಿನ ಮೇಲೆ 4ಎಚ್‌ನಲ್ಲಿ ತಿರುಗಿಸಿದರೆ ಮುಂದಿನ ಹಿಂದಿನ ಚಕ್ರಗಳಿಗೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸ್ ಹಾಳಾಗಬಹುದು, ಅದಕ್ಕೆ 2ಎಚ್. ಮೊದಲ ತಿರುವಿನಲ್ಲಿ ಹಿಂಭಾಗ ಜಾರಿತು, ತಕ್ಷಣ ಹಿಡಿತ ವಾಪಸ್ ಬಂತು. ಗಾಡಿ ಎಡದಿಂದ ಬಲಕ್ಕೆ ಹೊಯ್ದಾಡಿತು. ಮೊದಲ ವಾಲಿಕೆಗಿಂತ ಎರಡನೆಯದು ಜಾಸ್ತಿ. ಉದ್ದ ಸ್ಪ್ರಿಂಗ್‌ಗಳು ಒಂದು ಕಡೆ ಅದುಮಿಕೊಂಡು, ಬಿಡುವಾಗ ಆ ಬಲವನ್ನೆಲ್ಲ ಇನ್ನೊಂದು ಕಡೆಗೆ ಎಸೆಯುತ್ತವೆ. ಸೀಟಿನ ಕೆಳಗಿನ ನೆಲ ಒಂದು ಕ್ಷಣ ಹಗುರವಾದಂತೆ ಅನಿಸಿತು. ಒಳಗಡೆಯ ಚಕ್ರ ಎದ್ದಿತ್ತು. ಸ್ಟೇರಿಂಗ್ ನೇರ ಮಾಡಿ ಕಾಲು ತೆಗೆದೆ, ಗಾಡಿ ಕೂತುಕೊಂಡಿತು.

ಇಳಿದು ಟಯರ್ ನೋಡಿದೆ. ಶುರು ಮಾಡುವ ಮುಂಚೆ ಸೈಡ್‌ವಾಲ್ (ಟಯರಿನ ಪಕ್ಕೆ) ಮೇಲೆ ಚಾಕ್‌ನಲ್ಲಿ ಒಂದು ಗೆರೆ ಎಳೆದಿದ್ದೆ. ಟಯರು ಎಷ್ಟು ಮಡಚಿಕೊಳ್ಳುತ್ತದೆ ಅಂತ ತಿಳಿಯಲು ಅದು ಸುಲಭದ ದಾರಿ. ಗೆರೆ ಭುಜ ದಾಟಿ ಅಕ್ಷರಗಳವರೆಗೂ ಉಜ್ಜಿಹೋಗಿತ್ತು. ಅಂದರೆ ಟಯರು ನೆಲ ಮುಟ್ಟಿದ್ದು ಪಟ್ಟಿಯಿಂದ ಮಾತ್ರವಲ್ಲ, ಪಕ್ಕೆಯಿಂದಲೂ. ಇನ್ನೂ ಹತ್ತಿರದಿಂದ ನೋಡಿದರೆ ರಿಮ್ಮಿಗೂ ಟಯರಿಗೂ ಮಧ್ಯೆ ಎರಡು ಹುಲ್ಲುಕಡ್ಡಿ ಕಚ್ಚಿಕೊಂಡಿದ್ದವು. ಅವು ಹಿಂದಿನ ವಾರದ ಬಯಲಿನವು. ಮಣ್ಣಿಗಾಗಿ ಗಾಳಿ ಇಳಿಸಿದ್ದಾಗ ಟಯರಿನ ಅಂಚು ರಿಮ್‌ನಿಂದ ಅರೆಕ್ಷಣ ಬಿಟ್ಟು, ಹುಲ್ಲು ಹಿಡಿದು, ಮತ್ತೆ ಕೂತಿತ್ತು. ಕೂರದೇ ಇದ್ದಿದ್ದರೆ ಬರಿ ರಿಮ್ ಮಣ್ಣಿಗೆ ಇಳಿದು ಅಗೆಯುತ್ತಿತ್ತು. ನಾನು ಮುಚ್ಚಿದ ಗುಂಡಿಗಳ ಕೆಲಸವನ್ನು ನನ್ನ ರಿಮ್ಮೇ ಮಾಡುತ್ತಿತ್ತು.

ಗಾಡಿ ಎಷ್ಟು ಸುಲಭಕ್ಕೆ ಮಗುಚುತ್ತದೆ ಅಂತ ಮನೆಗೆ ಬಂದು ಲೆಕ್ಕ ಹಾಕಿದೆ. ಎಡ ಬಲ ಚಕ್ರಗಳ ನಡುವಿನ ಅಗಲವನ್ನು, ಭಾರಕೇಂದ್ರದ ಎತ್ತರದ ಎರಡರಷ್ಟರಿಂದ ಭಾಗಿಸಬೇಕು. ನನ್ನ ಗಾಡಿಯಲ್ಲಿ ಆ ಅಗಲ ಸುಮಾರು 1.5 ಮೀಟರ್, ಭಾರಕೇಂದ್ರದ ಎತ್ತರ 0.7 ಮೀಟರ್ ಅಂತ ಹಿಡಿದರೆ 1.07 ಬರುತ್ತದೆ. ತಗ್ಗಿನ ಕಾರಿನಲ್ಲಿ ಇದು 1.4ರ ಹತ್ತಿರ ಇರುತ್ತದೆ. ನೆಲದ ಹಿಡಿತ (ಟಯರಿಗೂ ನೆಲಕ್ಕೂ ನಡುವಿನ ಘರ್ಷಣೆಯ ಅಂಕಿ) ಈ ಸಂಖ್ಯೆಗಿಂತ ಕಡಿಮೆ ಇದ್ದರೆ ಗಾಡಿ ಜಾರುತ್ತದೆ, ಜಾಸ್ತಿಯಾದರೆ ಮಗುಚುತ್ತದೆ. ಒಣ ಡಾಂಬರಿನ ಹಿಡಿತ 0.8, 0.9 ಇರುತ್ತದೆ. ಅಂತರ ಇದೆ ಅನ್ನಿಸುತ್ತೆ ಅಲ್ವಾ? ಆದರೆ ಗಾಡಿ ವಾಲಿದಾಗ ಭಾರಕೇಂದ್ರವೂ ಹೊರಗೆ ಸರಿಯುತ್ತದೆ, ಟಯರು ಮಡಚುತ್ತದೆ, ಹೊಯ್ದಾಟ ಸೇರುತ್ತದೆ. ಆ ಅಂತರ ಅಲ್ಲೇ ಮುಗಿದುಹೋಗುತ್ತದೆ. ಒದ್ದೆ ಮಣ್ಣಿನಲ್ಲಿ ಹಿಡಿತ ಇದರ ಅರ್ಧವೂ ಇರುವುದಿಲ್ಲ. ಅದಕ್ಕೇ ಅಲ್ಲಿ ಗಾಡಿ ನೆಮ್ಮದಿಯಾಗಿ ಜಾರುತ್ತದೆ.

ಛಾವಣಿಯ ಮೇಲೆ ಕ್ಯಾರಿಯರ್, ಎತ್ತರಿಸಿದ ಸಸ್ಪೆನ್ಷನ್ ಇದ್ದರೆ ಆ 1.07 ಇನ್ನೂ ಇಳಿಯುತ್ತದೆ. ನಾನು ಈಗ ಬಯಲಿಗೆ ಹೋಗುವ ಮುಂಚೆ ಕ್ಯಾರಿಯರ್ ಬಿಚ್ಚಿಡುತ್ತೇನೆ, ಹಿಂದಿನ ಸಾಮಾನು ಇಳಿಸುತ್ತೇನೆ. ಗಾಳಿ ಕಡಿಮೆ ಮಾಡುವುದಿಲ್ಲ. 4ಎಚ್ ಬಿಟ್ಟು ಬೇರೆ ಹಾಕುವುದಿಲ್ಲ. ನಾಲ್ಕು ಸುತ್ತಿಗೊಮ್ಮೆ ಇಳಿದು ನಾಲ್ಕೂ ರಿಮ್‌ಗಳ ಅಂಚಿಗೆ ಬೆರಳು ಆಡಿಸುತ್ತೇನೆ. ಒಂದು ಹುಲ್ಲುಕಡ್ಡಿ ಸಿಕ್ಕರೂ ಅವತ್ತಿಗೆ ಅಷ್ಟೇ, ಗಾಡಿ ಮನೆಗೆ.