ಡುಮ್ಮಿ, ಕಡ್ಡಿ, ಕರಿಯ: ಊಟದ ಸಾಲಿನಲ್ಲಿ ನಾನು ಕಲಿಸಿದ್ದು

ಬಾಗೇಪಲ್ಲಿ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಆರು, ಏಳನೇ ತರಗತಿಗೆ ವಿಜ್ಞಾನ ಹೇಳಿಕೊಡುತ್ತೇನೆ. ಪ್ರೋಟೀನು, ವಿಟಮಿನ್ನು, ಕೊರತೆಯ ಕಾಯಿಲೆಗಳು ಎಲ್ಲ ಪುಸ್ತಕದಲ್ಲಿವೆ. ಮಕ್ಕಳು ಅಚ್ಚುಕಟ್ಟಾಗಿ ಬರೆದು ಅಂಕ ತೆಗೆಯುತ್ತಾರೆ. ಹಾಗೆ ಬರೆದ ಮಗುವೇ ಮಧ್ಯಾಹ್ನ ಸಾಂಬಾರಿನ ಸೊಪ್ಪನ್ನೆಲ್ಲ ತಟ್ಟೆಯಂಚಿಗೆ ತಳ್ಳಿ ಎದ್ದುಹೋಗುತ್ತದೆ. ನಾನು ಕಂಡ ಮಟ್ಟಿಗೆ ಇದಕ್ಕೆ ತಿಳಿವಳಿಕೆಯ ಕೊರತೆಗಿಂತ ಮೈಯ ಬಗ್ಗೆ ಮಕ್ಕಳ ಕಿವಿಗೆ ಬಿದ್ದ ಮಾತುಗಳೇ ಹೆಚ್ಚು ಕಾರಣ. "ರಾಗಿ ತಿಂದ್ರೆ ಕಪ್ಪಗಾಗ್ತೀನಿ ಮಿಸ್." "ಮೊಟ್ಟೆ ತಿಂದ್ರೆ ದಪ್ಪ ಆಗ್ತಾರಂತೆ." ಪ್ರತಿ ವಾರ ಊಟವಾದ ಮೇಲೆ ಕೊಡುವ ನೀಲಿ ಕಬ್ಬಿಣಾಂಶದ ಮಾತ್ರೆಗೂ ಇಂಥದ್ದೇ ಒಂದು ಪುಕಾರು. ಆದ್ದರಿಂದ ಊಟದ ಪಾಠವನ್ನು ನಾನು ಈ ಮಾತುಗಳಿಂದಲೇ ಶುರು ಮಾಡಿದೆ.

ಮೊದಲು ಬದಲಾಯಿಸಿದ್ದು ಎತ್ತರ, ತೂಕ ನೋಡುವ ಕ್ರಮವನ್ನು. ಒಬ್ಬರು ಗಟ್ಟಿಯಾಗಿ ಕೂಗಿ ಹೇಳುವುದು, ಇನ್ನೊಬ್ಬರು ಬರೆದುಕೊಳ್ಳುವುದು, ಇಡೀ ಸಾಲು ಕೇಳಿಸಿಕೊಂಡು ನಗುವುದು, ಇದು ಬಹಳ ಕಡೆ ರೂಢಿ. ಈಗ ಯಂತ್ರ ಸ್ಟಾಫ್ ರೂಮಿನೊಳಗೆ ಇರುತ್ತದೆ, ಒಬ್ಬೊಬ್ಬರೇ ಬರುತ್ತಾರೆ, ಅಂಕಿ ನಾನು ಮತ್ತು ಆ ಮಗು ಬಿಟ್ಟು ಇನ್ಯಾರಿಗೂ ಗೊತ್ತಾಗುವುದಿಲ್ಲ. ಹಿಂದಿನ ವರ್ಷದ ತನ್ನದೇ ಎತ್ತರಕ್ಕೆ ಮಾತ್ರ ಹೋಲಿಸಿ ನೋಡಬೇಕು, ಪಕ್ಕದವರದಕ್ಕಲ್ಲ. ತೂಕ ನೋಡುವ ಮೊದಲೇ ತರಗತಿಯಲ್ಲಿ ಒಂದು ವಿಷಯ ಹೇಳಿಬಿಡುತ್ತೇನೆ: ಹೆಣ್ಣುಮಕ್ಕಳಿಗೆ ಬೆಳವಣಿಗೆಯ ಓಟ ಗಂಡುಮಕ್ಕಳಿಗಿಂತ ಸುಮಾರು ಎರಡು ವರ್ಷ ಮೊದಲೇ ಶುರುವಾಗುತ್ತದೆ, ಆಗ ಮೈ ತುಂಬಿಕೊಳ್ಳುವುದು ಸಹಜ, ಬೇಕಾದದ್ದು ಕೂಡ. ಏಳನೇ ತರಗತಿಯಲ್ಲಿ ಹುಡುಗಿಯರು ಎತ್ತರವಾಗಿ, ಮೈಕೈ ತುಂಬಿಕೊಂಡು ಕಾಣುವುದು ಇದಕ್ಕೇ. "ಡುಮ್ಮಿ" ಅನ್ನುತ್ತಿದ್ದ ಹುಡುಗರಿಗೆ, ತಮ್ಮ ಸರದಿ ಇನ್ನೂ ಬಂದಿಲ್ಲ ಅಂತ ಗೊತ್ತಾದಾಗ ಸ್ವಲ್ಪ ಬಾಯಿ ಕಟ್ಟಿತು. ಪೂರ್ತಿ ಕಟ್ಟಿತು ಅಂತ ಹೇಳಲಾರೆ.

ರಾಗಿಯ ಕಥೆ ಬೇರೆ. ಮಕ್ಕಳಲ್ಲೇ ಒಬ್ಬಳು ಎದ್ದು, "ನಮ್ಮ ಅವ್ವ ದಿನಾ ಮುದ್ದೆ ತಿಂತಾಳೆ, ಬೆಳ್ಳಗೇ ಇದಾಳೆ" ಅಂದಳು. ಎಲ್ಲರೂ ಒಪ್ಪಿದರು. ಆ ಉತ್ತರ ನನಗೆ ಸಾಲಲಿಲ್ಲ. ಅದನ್ನು ಒಪ್ಪಿದರೆ ಕಪ್ಪಗಿರುವುದು ತಪ್ಪು ಅಂತಲೂ ಒಪ್ಪಿದಂತೆ. "ಕಪ್ಪಗಾದ್ರೆ ಏನಾಗುತ್ತೆ?" ಅಂತ ಕೇಳಿದೆ. ಯಾರೂ ಮಾತಾಡಲಿಲ್ಲ. ಆಮೇಲೆ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಬಗ್ಗೆ ಹೇಳಿದೆ. ಅದು ಬರುವುದು ಅಪ್ಪ ಅಮ್ಮನಿಂದ ಮತ್ತು ಬಿಸಿಲಿನಿಂದ, ಮುದ್ದೆಯಿಂದಲ್ಲ. ಬಿಸಿಲಿನ ಏಟಿನಿಂದ ಚರ್ಮವನ್ನು ಕಾಯುವುದೂ ಅದೇ. ರಾಗಿಯಲ್ಲಿ 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಷ್ಟೇ ತೂಕದ ಹಾಲಿನಲ್ಲಿ ಇರುವುದು 120ರ ಆಸುಪಾಸು ಅನ್ನುವುದನ್ನು ಬೋರ್ಡಿನ ಮೇಲೆ ಬರೆದೆ. 2013ರಿಂದ ಶಾಲೆಯಲ್ಲಿ ಕ್ಷೀರಭಾಗ್ಯದ ಹಾಲಿದೆ, 2024ರಿಂದ ವಾರಕ್ಕೆ ಮೂರು ದಿನ ಅದಕ್ಕೆ ರಾಗಿ ಮಾಲ್ಟ್ ಸೇರುತ್ತದೆ. ಮುದ್ದೆಗೆ ಮುಖ ತಿರುಗಿಸುವವರೂ ಮಾಲ್ಟನ್ನು ಮೀಸೆ ಬರುವಂತೆ ಕುಡಿಯುತ್ತಾರೆ. ಸಿಹಿ ಇದ್ದರೆ ಯಾವ ಬಣ್ಣವೂ ನಡೆಯುತ್ತದೆ!

ನಮ್ಮ ಕಡೆ ಹೇಳಲೇಬೇಕಾದ್ದು ಹಲ್ಲಿನ ವಿಷಯ. ಆಳದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಹಳ್ಳಿಗಳು ಈ ಸೀಮೆಯಲ್ಲಿ ಬಹಳ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರು ಕುಡಿಯಲು ಯೋಗ್ಯವಲ್ಲ. ಅಂಥ ನೀರು ಕುಡಿದು ಬೆಳೆದ ಮಕ್ಕಳ ಹಲ್ಲಿನ ಮೇಲೆ ಬಿಳಿ, ಹಳದಿ, ಕಂದು ಗೆರೆಗಳು. ಆ ಮಕ್ಕಳು ನಗುವಾಗ ಕೈ ಅಡ್ಡ ಹಿಡಿಯುತ್ತಾರೆ, ಗುಂಪಿನ ಫೋಟೋದಲ್ಲಿ ತುಟಿ ಬಿಗಿದು ನಿಲ್ಲುತ್ತಾರೆ. ಹೊರಗಿನಿಂದ ಬಂದವರು "ಹಲ್ಲುಜ್ಜಲ್ವಾ?" ಅಂತ ಕೇಳಿಬಿಡುತ್ತಾರೆ. ಒಬ್ಬ ಹುಡುಗ ಇದ್ದಿಲಿನಿಂದ ತಿಕ್ಕಿ ತಿಕ್ಕಿ ವಸಡು ಗಾಯ ಮಾಡಿಕೊಂಡಿದ್ದ.

ಅದಕ್ಕೆ ಒಂದು ಇಡೀ ಪಾಠವನ್ನು ಹಲ್ಲಿಗೇ ಮೀಸಲಿಟ್ಟೆ. ಈ ಕಲೆ ಕೊಳೆಯಲ್ಲ, ಉಜ್ಜಿದರೆ ಹೋಗುವುದಿಲ್ಲ. ಹಲ್ಲು ದವಡೆಯೊಳಗೆ ರೂಪುಗೊಳ್ಳುವಾಗಲೇ, ಹೆಚ್ಚುಕಡಿಮೆ ಎಂಟು ವರ್ಷದೊಳಗೆ, ಆಗಿಹೋಗುವಂಥದ್ದು. ಅದರಲ್ಲಿ ಆ ಮಗುವಿನ ತಪ್ಪು ಎಳ್ಳಷ್ಟೂ ಇಲ್ಲ. ಇಷ್ಟು ಹೇಳಿ ಬಿಟ್ಟರೆ ಸಮಾಧಾನ ಮಾತ್ರ ಸಿಗುತ್ತದೆ, ಮಾಡಲು ಏನಾದರೂ ಬೇಕಲ್ಲ? ಮನೆಯಲ್ಲಿರುವ ತಮ್ಮ ತಂಗಿಯರ ಹಲ್ಲು ಇನ್ನೂ ಬೆಳೆಯುತ್ತಿದೆ, ಅವರನ್ನು ಕಾಯುವುದು ನಿಮ್ಮ ಕೆಲಸ ಅಂದೆ. ಕುಡಿಯಲು ಮಾತ್ರವಲ್ಲ, ಅನ್ನ ಸಾರಿಗೂ ಶುದ್ಧ ನೀರಿನ ಘಟಕದ ನೀರೇ ಬೇಕು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಅಂಶ ಹೆಚ್ಚುತ್ತದೆ. ಇದು ತಾಯಂದಿರಿಗೂ ಗೊತ್ತಿರಲಿಲ್ಲ. ಮಕ್ಕಳೇ ಹೋಗಿ ಹೇಳಿದರು, ತೆಲುಗಿನಲ್ಲಿ. ನಮ್ಮಲ್ಲಿ ಬಹಳ ಮನೆಗಳ ಮಾತು ಅದೇ. ಹಾಲು, ರಾಗಿ, ನುಗ್ಗೆಸೊಪ್ಪು, ನಿಂಬೆ, ನೆಲ್ಲಿ ಇದ್ದರೆ ಫ್ಲೋರೈಡಿನ ಹೊಡೆತ ಸ್ವಲ್ಪ ತಗ್ಗುತ್ತದೆ ಅಂದ ಮೇಲೆ ಸೊಪ್ಪಿಗೆ ಬಂದ ಮರ್ಯಾದೆ, ಪೋಷಕಾಂಶಗಳ ಪಟ್ಟಿ ಬಾಯಿಪಾಠ ಮಾಡಿಸಿದ್ದರೆ ಬರುತ್ತಿರಲಿಲ್ಲ.

ತಟ್ಟೆಯ ವಿಷಯದಲ್ಲಿ ಮಾಡಿದ್ದು ಸಣ್ಣಪುಟ್ಟದ್ದು. ಅಡುಗೆಯ ಅಕ್ಕನವರು ಸೊಪ್ಪನ್ನು ಮಸ್ಸೊಪ್ಪಿನಂತೆ ಮಸೆದು ಹಾಕತೊಡಗಿದರು. ಅಂಚಿಗೆ ತಳ್ಳಲು ಏನೂ ಸಿಗುವುದಿಲ್ಲ! ಮೊದಲು ಕಡಿಮೆ ಬಡಿಸುವುದು, ಬೇಕಾದವರು ಕೇಳಿ ಹಾಕಿಸಿಕೊಳ್ಳುವುದು. "ತಟ್ಟೆ ಖಾಲಿ ಮಾಡು" ಅನ್ನುವ ಗದರಿಕೆ ನಿಲ್ಲಿಸಿದೆವು, ಹೊಟ್ಟೆ ತುಂಬಿದ್ದು ಆ ಮಗುವಿಗೆ ತಾನೇ ಗೊತ್ತು. ಮೊಟ್ಟೆ ತಿನ್ನುವವರು, ಬಾಳೆಹಣ್ಣು ತಿನ್ನುವವರು ಅಂತ ಬೇರೆ ಸಾಲಿಲ್ಲ. ಊಟದ ಬೆನ್ನಿಗೇ ಟೀ ಕುಡಿದರೆ ಕಬ್ಬಿಣಾಂಶ ಮೈಗೆ ಹತ್ತುವುದು ಕಡಿಮೆಯಾಗುತ್ತದೆ ಅಂತ ಶಿಕ್ಷಕರಿಗೂ ಹೇಳಿದ್ದೇನೆ. ಅವರು ಕೇಳುವುದು ಅಷ್ಟಕ್ಕಷ್ಟೇ.

ಒಬ್ಬಳು ಹುಡುಗಿ ಊಟವನ್ನೇ ಬಿಡತೊಡಗಿದಾಗ ಮಾತ್ರ ತರಗತಿಯಲ್ಲಿ ಏನೂ ಹೇಳಲಿಲ್ಲ. ಅವಳ ತಾಯಿಯನ್ನು ಕರೆಸಿದೆ. "ಹಿಂಗೇ ಊದಿದ್ರೆ ಯಾರು ಮದುವೆ ಆಗ್ತಾರೆ ಅಂತ ಅವರ ಅಜ್ಜಿ ಅಂತಿರ್ತಾರೆ ಮೇಡಂ" ಅಂದರು. ಆ ಹುಡುಗಿಗೆ ಇನ್ನೂ ಹನ್ನೆರಡು ವರ್ಷ. ಮನೆಯಲ್ಲಿ ಆ ಮಾತು ನಿಲ್ಲಿಸಿ, ಸಂಜೆ ಎಲ್ಲರೂ ಒಟ್ಟಿಗೆ ಕೂತು ಉಣ್ಣಿ, ತೂಕ ಇಳಿಯುತ್ತಿದ್ದರೆ ಅಥವಾ ತಲೆ ಸುತ್ತಿದರೆ ತಡಮಾಡದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ ಅಂದೆ. ಈಗ ಉಣ್ಣುತ್ತಾಳೆ. ಅಜ್ಜಿ ಶಾಲೆಗೆ ಬಂದು ನನ್ನೊಡನೆ ಜಗಳ ಆಡಿ ಹೋದದ್ದೂ ಉಂಟು.

ಇನ್ನೂ ಬಗೆಹರಿಯದಿರುವುದು ಗೇಟಿನೆದುರಿನ ಅಂಗಡಿ. ಪ್ಯಾಕೆಟ್ ತಿಂಡಿಯನ್ನು ನಾನು ಕೆಟ್ಟದ್ದು ಅನ್ನುವುದಿಲ್ಲ. ಹಾಗಂದರೆ ಕದ್ದು ತಿನ್ನುತ್ತಾರೆ. "ದಿನಾ ತಿನ್ನೋದು, ಯಾವಾಗಲೋ ತಿನ್ನೋದು" ಅಂತ ಎರಡು ಗುಂಪು ಮಾಡಿದ್ದೇವೆ. ಲೆಕ್ಕದ ಪೀರಿಯಡ್ಡಿನಲ್ಲಿ, 5 ರೂಪಾಯಿಗೆ 20 ಗ್ರಾಂ ಆದರೆ ಕಿಲೋಗೆ ಎಷ್ಟು ಅಂತ ಕೇಳಿದೆ. 250 ಅಂದಾಗ ಅವರಿಗೇ ಗಾಬರಿ, ಕಡಲೆಕಾಯಿ ಬೀಜ ಅದಕ್ಕಿಂತ ಎಷ್ಟೋ ಅಗ್ಗ. ಅಂಗಡಿಯಣ್ಣ ನನ್ನ ಮಾತಿಗೆ ಹುರಿದ ಬೀಜ, ಹುರಿಗಡಲೆಯ ಪೊಟ್ಟಣ ಕಟ್ಟಿಟ್ಟರು. ಮಳೆಗಾಲ ಬಂತು. "ಮೆತ್ತಗಾಗುತ್ತೆ ಮೇಡಂ, ಯಾರೂ ತಗೊಳ್ಳಲ್ಲ, ನಷ್ಟ ಯಾರು ಕೊಡ್ತಾರೆ?" ಅಂತ ಕೇಳಿದರು. ಸದ್ಯಕ್ಕೆ ಗಾಳಿಯಾಡದ ಡಬ್ಬಿ ತಂದುಕೊಟ್ಟು, ದಿನಕ್ಕೆ ಬೇಕಾದಷ್ಟೇ ಹುರಿಯಲು ಒಪ್ಪಿಸಿದ್ದೇನೆ.