ಬಾಣನ ಮರಿಗಳ ಲೆಕ್ಕ

ನನ್ನ ಮುಧೋಳ ಗಂಡುನಾಯಿ ಬಾಣ ಹೋಗಿ ಎರಡು ಮಳೆಗಾಲ ಆಯಿತು. ಅವನು ಡಾಗ್ ಶೋಗಳಲ್ಲಿ ಗೆದ್ದ, ಗೋಡೆಗೆ ತೂಗುಹಾಕಿದ ರಿಬ್ಬನ್ ರೋಸೆಟ್‌ಗಳಿಗೆ ತೀರ್ಥಹಳ್ಳಿಯ ಜಡಿಮಳೆಯಲ್ಲಿ ಬೂಷ್ಟು ಹಿಡಿದಿದೆ. ‘ಚಾಂಪಿಯನ್ ಲೈನಿನ ಮರಿ ಇದೆಯಾ?’ ಎಂಬ ಫೋನು ಮಾತ್ರ ನಿಂತಿಲ್ಲ. ಚಾಂಪಿಯನ್ ಆಗಿದ್ದು ಅವನು, ಮರಿಗಳಲ್ಲ. ಅವನಿಂದ ಏನು ಇಳಿಯಿತು, ಏನು ಇಳಿಯಬಾರದಿತ್ತು ಅನ್ನುವುದೆಲ್ಲ ಇನ್ನೂರು ಪುಟದ ಒಂದು ಪುಸ್ತಕದಲ್ಲಿದೆ. ಅದನ್ನು ನೋಡಿಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕಾಗದದ ಮಾತು. ನಾವು ಮುಧೋಳ ಅನ್ನುವ ನಾಯಿ ಕೆನಲ್ ಕ್ಲಬ್ ಆಫ್ ಇಂಡಿಯಾದ ದಾಖಲೆಯಲ್ಲಿ ಕ್ಯಾರವಾನ್ ಹೌಂಡ್. ಇಂಡಿಯನ್ ನ್ಯಾಷನಲ್ ಕೆನಲ್ ಕ್ಲಬ್ಬಿನಲ್ಲಿ ಮುಧೋಳ ಹೌಂಡ್. ಹೆಣ್ಣಿನ ವಂಶಾವಳಿ ನೋಡುವಾಗ ಎರಡೂ ಕಡೆ ಹುಡುಕಬೇಕು. ಇಲ್ಲದಿದ್ದರೆ ಒಬ್ಬನೇ ಅಜ್ಜ ಎರಡು ಹೆಸರಲ್ಲಿ ಎರಡೂ ಕಡೆ ಕೂತಿರುವುದು ಗೊತ್ತೇ ಆಗುವುದಿಲ್ಲ.

ಬಾಣ 70 ಸೆಂ.ಮೀ. ಎತ್ತರ, 26 ಕೆ.ಜಿ. ತೂಕ. ಭುಜದ ಇಳಿಜಾರು, ಆಳವಾದ ಎದೆ, ನೆಲಕ್ಕೆ ತಾಗಿದ್ದೂ ತಾಗದಂಥ ಚಿಮ್ಮು ನಡಿಗೆ, ಇವೇ ಅವನಿಗೆ ಗೆಲುವು ತಂದವು. ಕೊರತೆ ಹಿಂಗಾಲಲ್ಲಿತ್ತು: ಹಿಂದಿನಿಂದ ನೋಡಿದರೆ ಗಂಟುಗಳು ತುಸು ಒಳಕ್ಕೆ. ನಿಲ್ಲಿಸುವಾಗ ಕೈಯಿಂದ ಕಾಲು ಸರಿಪಡಿಸಿ ಮುಚ್ಚಿಡಬಹುದು, ಓಡಿಸಿದಾಗ ಮುಚ್ಚಿಡಲಾಗದು. ‘ಒಳಬಾಗಿದ ಕಾಲಿಗೆ ಹೊರಬಾಗಿದ ಕಾಲಿನ ಹೆಣ್ಣು ತಂದರೆ ಸಮ ಆಗುತ್ತೆ’ ಎಂದು ಸಲಹೆ ಕೊಡುವವರಿದ್ದಾರೆ. ಆಗುವುದಿಲ್ಲ. ಎರಡೂ ಥರದ ವಕ್ರ ಬರುತ್ತದೆ, ಅಷ್ಟೇ. ನೇರ ಕಾಲಿನ ಹೆಣ್ಣೇ ಬೇಕು. ಸಿಗದಿದ್ದರೆ ಆ ವರ್ಷ ಕ್ರಾಸ್ ಮಾಡಿಸದೆ ಬಿಡುವುದು. ನಾಲ್ಕು ವರ್ಷದಲ್ಲಿ ಏಳು ಹೆಣ್ಣುಗಳಿಗೆ ಮಾತ್ರ ಕೊಟ್ಟೆ.

ಮಲೆನಾಡಲ್ಲಿ ಗಂಡುನಾಯಿಯ ದೊಡ್ಡ ಶತ್ರು ಉಣುಗು. ಇಂಬಳ ರಕ್ತ ಕುಡಿದು ಉದುರಿಹೋಗುತ್ತದೆ, ಉಣುಗು ಜ್ವರ ಬಿಟ್ಟುಹೋಗುತ್ತದೆ. ಎರ್ಲಿಕಿಯಾ ಎಂಬ ಆ ಉಣುಗು ಜ್ವರ ಬಂದು ಮೈ ಕಾದರೆ ವೀರ್ಯವೂ ಕೆಡುತ್ತದೆ. ನಾಯಿಯಲ್ಲಿ ಹೊಸ ವೀರ್ಯಾಣು ತಯಾರಾಗಲು ಸುಮಾರು 62 ದಿನ ಬೇಕು. ಹಾಗಾಗಿ ಜ್ವರ ಇಳಿದು ನಾಯಿ ಗೆಲುವಾಗಿ ಕಂಡರೂ ಎರಡು ತಿಂಗಳು ಕಾಯಲೇಬೇಕು. ಒಮ್ಮೆ ಮೂರೇ ವಾರಕ್ಕೆ ಕೂಡಿಸಿದ್ದು ಖಾಲಿ ಹೋಯಿತು. ತಪ್ಪು ಹೆಣ್ಣಿನದ್ದಲ್ಲ, ನನ್ನದು. ಆಮೇಲೆ ಉಣುಗು ಕೊಲ್ಲುವ, 12 ವಾರ ಕೆಲಸ ಮಾಡುವ ಫ್ಲುರಲಾನರ್ ಮಾತ್ರೆಯನ್ನು ವರ್ಷವಿಡೀ ತಪ್ಪಿಸಲಿಲ್ಲ. ಜೊತೆಗೆ ತೋಟದಿಂದ ಬಂದ ತಕ್ಷಣ ಕಿವಿಯ ಒಳಮಡಿಕೆ, ಬೆರಳ ಸಂದು ನೋಡುವುದು. ಉಣುಗು ಕೀಳಲು ಚಿಮ್ಮಟವೇ ಬೇಕು. 1957ರಲ್ಲಿ ಉಣುಗಿನಿಂದ ಮನುಷ್ಯರಿಗೆ ಹರಡುವ ಮಂಗನ ಕಾಯಿಲೆ ಪತ್ತೆಯಾದ ಕ್ಯಾಸನೂರು ಇರುವುದು ಇದೇ ಜಿಲ್ಲೆಯ ಸೊರಬದಲ್ಲಿ. ಬರಿಗೈಯಲ್ಲಿ ಹೊಸಕುವ ಅಭ್ಯಾಸ ಬೇಡ.

ಕೂಡಿಸುವ ಮುಂಚೆ ಎರಡೂ ನಾಯಿಗೆ ಬ್ರುಸೆಲ್ಲಾ ಪರೀಕ್ಷೆ. ಹೆಣ್ಣಿನ ಯಜಮಾನರಿಗೆ ಬೇಜಾರಾದರೂ ಸರಿ. ಸೋಂಕಿದ್ದರೆ ತಿಂಗಳು ತುಂಬುತ್ತಾ ಬರುವಾಗ ಗರ್ಭ ಇಳಿಯುತ್ತದೆ, ಗಂಡಿಗೂ ಅಂಟುತ್ತದೆ, ಅವನಿಂದ ಮುಂದಿನ ಹೆಣ್ಣಿಗೂ.

ಕೂಡಿಸುವ ದಿನದ ಲೆಕ್ಕದಲ್ಲಿ ಎಲ್ಲರೂ ಎಡವುತ್ತಾರೆ. ‘ಬೆದೆಯ ರಕ್ತ ಕಂಡ ಹನ್ನೊಂದನೇ, ಹದಿಮೂರನೇ ದಿನ’ ಅನ್ನುವ ವಾಡಿಕೆ ಕೆಲವು ಹೆಣ್ಣಿಗೆ ಸರಿ. ಏಳನೇ ದಿನಕ್ಕೆ ತಯಾರಾಗುವುದೂ ಇದೆ, ಇಪ್ಪತ್ತು ದಾಟಿಸುವುದೂ ಇದೆ. ಆರನೇ ದಿನದಿಂದ ಎರಡು ದಿನಕ್ಕೊಮ್ಮೆ ರಕ್ತದಲ್ಲಿ ಪ್ರೊಜೆಸ್ಟರಾನ್ ಹಾರ್ಮೋನು ನೋಡಿಸುತ್ತಿದ್ದೆ. ಮಿಲಿಲೀಟರಿಗೆ 2 ನ್ಯಾನೊಗ್ರಾಂ ದಾಟಿದರೆ ಎಚ್ಚರ. 5ರ ಆಸುಪಾಸು ಬಂದ ದಿನ ಅಂಡ ಬಿಡುಗಡೆ. ಆ ಅಂಡ ಬಲಿಯಲು ಇನ್ನೆರಡು ದಿನ ಬೇಕಾದ್ದರಿಂದ ಅಲ್ಲಿಂದ ಎರಡನೇ ದಿನ ಒಮ್ಮೆ, ನಾಲ್ಕನೇ ದಿನ ಒಮ್ಮೆ ಕೂಡಿಸುವುದು. ರಕ್ತ ಸಾದಾ ಟ್ಯೂಬಿನಲ್ಲೇ ಹೋಗಲಿ. ಜೆಲ್ ಇರುವ ಟ್ಯೂಬಿನಲ್ಲಿ ಅಂಕಿ ಕಡಿಮೆ ತೋರಿಸಬಹುದು. ಲ್ಯಾಬ್ ಬದಲಿಸಬಾರದು. ಕೂಡಿದ ನಾಯಿಗಳು ಒಂದಕ್ಕೊಂದು ಸಿಕ್ಕಿಕೊಂಡು ಲಾಕ್ ಆದಮೇಲೆ ಹತ್ತು ನಿಮಿಷವೋ ಅರ್ಧ ಗಂಟೆಯೋ, ಎರಡರ ಕೊರಳಪಟ್ಟಿ ಹಿಡಿದು ಸುಮ್ಮನೆ ನಿಲ್ಲುವುದೇ ಕೆಲಸ. ಎಳೆದರೆ ಎರಡಕ್ಕೂ ಗಾಯ.

ಅಂಡ ಬಿಡುಗಡೆಯ ದಿನ ಗೊತ್ತಿದ್ದರೆ ಮರಿ ಹಾಕುವ ದಿನ ಎಣಿಸುವುದು ಸುಲಭ: ಅಲ್ಲಿಂದ 63, ಒಂದು ದಿನ ಆಚೆ ಈಚೆ. ಏಪ್ರಿಲ್ಲಿನಲ್ಲಿ ಬೆದೆಗೆ ಬಂದ ಹೆಣ್ಣನ್ನು ನಾನು ಬಿಟ್ಟುಬಿಡುತ್ತಿದ್ದೆ. ಜೂನ್ ಕೊನೆಯಲ್ಲಿ, ಕರೆಂಟಿಲ್ಲದ ರಾತ್ರಿ ಎಳೆಮರಿ ಸಾಕುವುದು ಯಾರಿಗೂ ಬೇಡ. ಆದರೂ ಒಂದು ಸೂಲು ಮಳೆಗೇ ಬಿತ್ತು. ನಾಲ್ಕಡಿ ಚೌಕದ ಹಲಗೆ ಪೆಟ್ಟಿಗೆ. ತಾಯಿ ಗೋಡೆಗೆ ಒತ್ತಿ ಮರಿ ಸಾಯದಂತೆ ನಾಲ್ಕಿಂಚು ಎತ್ತರದಲ್ಲಿ ಸುತ್ತ ಅಡ್ಡಪಟ್ಟಿ. ಪೆಟ್ಟಿಗೆಯ ಕಾಲುಗಳನ್ನು ನೀರು ತುಂಬಿದ ಸ್ಟೀಲ್ ಬಟ್ಟಲಲ್ಲಿ ಇಡಬೇಕು, ಇರುವೆಗೆ. ಮೊದಲ ವಾರ ಮರಿ ಮಲಗುವ ಜಾಗ 30 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರಬೇಕು. ಬಲ್ಬು ಆರಿದಾಗ ಬಚ್ಚಲ ಹಂಡೆಯ ಬಿಸಿನೀರು ಬಾಟಲಿಗೆ ತುಂಬಿ, ಬಟ್ಟೆ ಸುತ್ತಿ ಒಂದು ಬದಿಗೆ ಮಾತ್ರ ಇಡುತ್ತಿದ್ದೆ. ಸೆಕೆಯಾದ ಮರಿ ಆಚೆ ಸರಿಯಲು ಜಾಗ ಬೇಕಲ್ಲ. ತಣ್ಣಗಾದ ಮರಿಗೆ ಹಾಲು ಕುಡಿಸಬಾರದು. ಮೈ ತಣ್ಣಗಿದ್ದರೆ ಕರುಳು ಅಲುಗುವುದಿಲ್ಲ, ಹಾಲು ಹೊಟ್ಟೆಯಲ್ಲೇ ಕೆಡುತ್ತದೆ. ಮೊದಲು ಒಂದೆರಡು ಗಂಟೆ ನಿಧಾನ ಬೆಚ್ಚಗೆ ಮಾಡಿ, ಆಮೇಲೆ ಮೊಲೆಗೆ.

ಇನ್ನು ಪುಸ್ತಕ. ಪ್ರತಿ ಮರಿಯ ಕೊರಳಿಗೆ ಬೇರೆ ಬೇರೆ ಬಣ್ಣದ ಉಲ್ಲನ್ ದಾರ. ಮೂರು ದಿನಕ್ಕೊಮ್ಮೆ ಬದಲಿಸದಿದ್ದರೆ ಬಿಗಿಯುತ್ತದೆ. ಅಡಿಗೆಮನೆಯ ತಕ್ಕಡಿಯಲ್ಲಿ ದಿನಾ ಬೆಳಗ್ಗೆ ತೂಕ. ಹತ್ತು ದಿನದ ಒಳಗೆ ಹುಟ್ಟಿದ ತೂಕದ ಇಮ್ಮಡಿಯಾಗಬೇಕು. ಎಂಟು ವಾರಕ್ಕೆ ಹಲ್ಲಿನ ಕೂಡಿಕೆ, ಕಾಲು, ಗಂಡುಮರಿಯ ಎರಡೂ ಬೀಜ ಇಳಿದಿವೆಯೇ ಎಂದು ನೋಡುವುದು. ಮರಿ ಮಾರಿದ ಮೇಲೂ ಅದಕ್ಕೆ ಆರು ತಿಂಗಳಾದಾಗ ಒಮ್ಮೆ, ಎರಡು ವರ್ಷವಾದಾಗ ಒಮ್ಮೆ ಫೋನು.

ಬಾಣನ ಬಗ್ಗೆ ಕಹಿ ಸತ್ಯ ಹೇಳಿದ್ದು ಈ ಫೋನುಗಳೇ. ಮೂರನೇ ಸೂಲಿನ ಒಂದು, ಐದನೇ ಸೂಲಿನ ಒಂದು, ಎರಡು ಗಂಡಿಗೆ ಆರು ತಿಂಗಳಾದರೂ ಒಂದೇ ಬೀಜ. ಆ ಸೂಲುಗಳ ಎರಡು ತಾಯಿಗೂ ತಮ್ಮಲ್ಲಿ ರಕ್ತಸಂಬಂಧವಿರಲಿಲ್ಲ. ಈ ದೋಷ ಅಪ್ಪ, ಅವ್ವ ಇಬ್ಬರ ಕಡೆಯಿಂದಲೂ ಬರುತ್ತದೆ. ಹೆಣ್ಣಿನಲ್ಲಿ ಕಾಣಿಸದೆಯೇ ದಾಟುತ್ತದೆ. ಅಂದರೆ ಬಾಣನೂ ಹೊತ್ತಿದ್ದ, ಆ ಎರಡು ಹೆಣ್ಣೂ ಹೊತ್ತಿದ್ದವು. ಆ ಎರಡು ಜೋಡಿಯನ್ನು ಮತ್ತೆ ಹಾಕಲಿಲ್ಲ. ಒಂದೇ ಬೀಜದ ಆ ಎರಡಕ್ಕೂ ಆಪರೇಷನ್ ಮಾಡಿಸಿ, ಬರೀ ಸಾಕಲು ಇಟ್ಟುಕೊಳ್ಳಿ ಎಂದೆ. ಹೊಟ್ಟೆಯಲ್ಲಿ ಉಳಿದ ಬೀಜ ಮುಂದೆ ಗಡ್ಡೆಯಾಗುವ ಅಪಾಯವಿದೆ. ಕೇಳಿದವರಿಗೆಲ್ಲ ಇದನ್ನು ಮೊದಲೇ ಹೇಳುತ್ತೇನೆ. ಅರ್ಧ ಜನ ಅಲ್ಲೇ ಫೋನಿಡುತ್ತಾರೆ.

ಇನ್ನೊಂದು ಒತ್ತಾಯವೂ ಇತ್ತು: ಬಾಣನನ್ನು ಅವನ ಮೊಮ್ಮಗಳಿಗೇ ಹಾಕಿ ‘ರಕ್ತ ಗಟ್ಟಿ’ ಮಾಡಿ ಅಂತ. ಅಜ್ಜ–ಮೊಮ್ಮಗಳು ಕೂಡಿದರೆ ಒಳಸಂಬಂಧದ ಪ್ರಮಾಣ ಶೇ. 12.5, ಸೋದರಮಾವನಿಗೆ ಕೊಟ್ಟಷ್ಟೇ ಲೆಕ್ಕ. ಅಡಗಿದ ದೋಷ ಒಂದು ಗೊತ್ತಾದ ಮೇಲೆ ಗೊತ್ತಿಲ್ಲದವು ಎಷ್ಟಿವೆಯೋ ಯಾರಿಗೆ ಗೊತ್ತು. ಶೇ. 6.25 ದಾಟಿಸಬಾರದು ಎಂದು ಗೆರೆ ಎಳೆದುಕೊಂಡೆ.

ಈಗ ಉಳಿದಿರುವುದು ಎರಡನೇ ಸೂಲಿನ ಒಂದು ಹೆಣ್ಣು. ಭುಜ ಅಪ್ಪನದೇ, ಹಿಂಗಾಲು ಅವ್ವನದು, ನೇರ. ಒಂಟಿ ಮನೆಯಲ್ಲಿ ಬೆಳೆದ ಮುಧೋಳ ಜನ ಕಂಡರೆ ಮುದುಡುತ್ತದೆ. ಅದಕ್ಕೇ ಇದನ್ನು ಮೂರು ತಿಂಗಳೊಳಗೆ ವಾರಕ್ಕೊಮ್ಮೆ ಶಿವಮೊಗ್ಗ ಬಸ್‌ಸ್ಟ್ಯಾಂಡ್ ಹತ್ತಿರ ಬುಟ್ಟಿಯಲ್ಲಿ, ನೆಲಕ್ಕೆ ಬಿಡದೆ, ಕೂರಿಸಿಕೊಂಡು ಬರುತ್ತಿದ್ದೆ. ಬೆದೆ ನವೆಂಬರಿಗೆ. ಐದು ತಲೆಮಾರಲ್ಲಿ ಬಾಣನ ಕಡೆಯವರು ಯಾರೂ ಇಲ್ಲದ ಒಂದು ಗಂಡನ್ನು ಮುಧೋಳದ ಕಡೆ ನೋಡಿಟ್ಟಿದ್ದೇನೆ. ಅದರ ಬ್ರುಸೆಲ್ಲಾ ವರದಿ ಇನ್ನೂ ಬರಬೇಕು.