ಭತ್ತದ ಊರಿನಿಂದ ವಿದೇಶಿ ವರದಿಗಾರಿಕೆಗೆ

2022ರಲ್ಲಿ ಶ್ರೀಲಂಕಾಕ್ಕೆ ನನ್ನನ್ನು ಕಳಿಸಿದಾಗ ದೆಹಲಿಯಲ್ಲಿದ್ದ ನನ್ನ ಟಿವಿ ಚಾನೆಲ್‌ನ ಸುದ್ದಿ ಡೆಸ್ಕ್‌ಗೆ ಬೇಕಿದ್ದದ್ದು ಕೊಲಂಬೊದ ಗಾಲ್ ಫೇಸ್ ಮೈದಾನ. ಅಲ್ಲಿ ಏಪ್ರಿಲ್ 9ರಿಂದ ಜನ ಟೆಂಟ್ ಹಾಕಿಕೊಂಡು ಕೂತಿದ್ದರು, ಅಧ್ಯಕ್ಷ ಗೊಟಬಯ ರಾಜಪಕ್ಸ ಕುರ್ಚಿ ಬಿಡಲಿ ಅಂತ. ಲೈವ್ ಕೊಡಲು ಅದಕ್ಕಿಂತ ಒಳ್ಳೆ ಜಾಗ ಇರಲಿಲ್ಲ. ಆದರೆ ನನಗೆ ಹೋಗಬೇಕು ಅನಿಸಿದ್ದು ಗದ್ದೆಗೆ. ನಾನು ದಾವಣಗೆರೆ ಜಿಲ್ಲೆಯವನು. ಭದ್ರಾ ನಾಲೆ ನೀರಲ್ಲಿ ಭತ್ತ ಬೆಳೆಯುವ ಮನೆ ನಮ್ಮದು.

2021ರಲ್ಲಿ ಅಲ್ಲಿನ ಸರ್ಕಾರ ರಾಸಾಯನಿಕ ಗೊಬ್ಬರದ ಆಮದನ್ನೇ ನಿಲ್ಲಿಸಿತ್ತು, ಇಡೀ ದೇಶ ಸಾವಯವ ಆಗಬೇಕು ಅಂತ. ನಾಟಿ ಆದ ಮೇಲೆ ಯೂರಿಯಾ ಸಿಗದಿದ್ದರೆ ಏನಾಗುತ್ತದೆ ಅಂತ ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಪೈರು ಹಳದಿ ತಿರುಗುತ್ತದೆ. ತೆಂಡೆ ಸರಿಯಾಗಿ ಒಡೆಯುವುದಿಲ್ಲ. ತೆನೆ ಸಣ್ಣದಾಗುತ್ತದೆ. ನವೆಂಬರ್‌ನಲ್ಲಿ ಸರ್ಕಾರ ಹಿಂದೆ ಸರಿಯಿತು ನಿಜ, ಆದರೆ ಅಷ್ಟೊತ್ತಿಗೆ ಅವರ ದೊಡ್ಡ ಬೆಳೆ, ಅವರು ಮಹಾ ಅನ್ನುವ ಹಂಗಾಮು, ಶುರುವಾಗಿಬಿಟ್ಟಿತ್ತು.

ಅನುರಾಧಪುರದ ಕಡೆ ಹೊರಟೆವು. ಡೀಸೆಲ್ ಸಿಗುವುದೇ ಕಷ್ಟ ಇದ್ದ ಕಾಲ ಅದು. ಡ್ರೈವರ್ ಹಿಂದಿನ ರಾತ್ರಿಯೇ ಬಂಕ್ ಮುಂದೆ ಸಾಲಲ್ಲಿ ಗಾಡಿ ನಿಲ್ಲಿಸಿ ಅಲ್ಲೇ ಮಲಗಿದ್ದ. ಹಳ್ಳಿಗೆ ಹೋದ ಮೇಲೆ ನಾನು ಕೇಳಿದ ಮೊದಲ ಪ್ರಶ್ನೆ ಅಧ್ಯಕ್ಷರ ಬಗ್ಗೆ ಅಲ್ಲ. ಎಕರೆಗೆ ಎಷ್ಟು ಚೀಲ ಬರುತ್ತಿತ್ತು, ಈ ಸಲ ಎಷ್ಟು ಬಂತು? ಅಷ್ಟು ಕೇಳಿದ್ದಕ್ಕೆ ಸುತ್ತ ನಿಂತಿದ್ದವರೆಲ್ಲ ಮಾತಿಗೆ ಬಂದರು, ಒಬ್ಬರ ಮೇಲೊಬ್ಬರು, ನಮ್ಮ ಜೊತೆಗಿದ್ದ ಸ್ಥಳೀಯ ಗೆಳೆಯನಿಗೆ ಸಿಂಹಳದಿಂದ ಇಂಗ್ಲಿಷಿಗೆ ಹೇಳಿ ಪೂರೈಸುವುದೇ ಕಷ್ಟವಾಗುವಷ್ಟು. ರಾಜಕೀಯ ತಾನಾಗೇ ಬಂತು. ತನಗೆ ಬೇಕಾದ ಅಕ್ಕಿಯನ್ನು ಹೆಚ್ಚು ಕಡಿಮೆ ತಾನೇ ಬೆಳೆಯುತ್ತಿದ್ದ ದೇಶ ಅಕ್ಕಿ ಆಮದು ಮಾಡಬೇಕಾಯಿತು, ಅದೂ ಕೈಯಲ್ಲಿ ಡಾಲರ್ ಇಲ್ಲದ ಹೊತ್ತಲ್ಲಿ. 2019ರಲ್ಲಿ ತೆರಿಗೆ ಕಡಿತ, ಅದೇ ವರ್ಷ ಈಸ್ಟರ್ ದಿನದ ಬಾಂಬ್ ದಾಳಿ, ಆಮೇಲೆ ಕೊರೋನಾ, ಪ್ರವಾಸಿಗರೇ ಇಲ್ಲ, ಮೇಲೆ ಹಳೇ ಸಾಲ. 2022ರ ಏಪ್ರಿಲ್ 12ರಂದು ವಿದೇಶಿ ಸಾಲ ತೀರಿಸಲು ಸದ್ಯ ಆಗುವುದಿಲ್ಲ ಅಂತ ಸರ್ಕಾರವೇ ಹೇಳಿತು. ಇದನ್ನೆಲ್ಲ ಒಬ್ಬ ರೈತನ ಖಾಲಿ ಕಣದಲ್ಲಿ ನಿಂತು ಹೇಳಿದರೆ ನೋಡುವವರಿಗೆ ಕೂಡಲೇ ತಿಳಿಯುತ್ತದೆ. ಜುಲೈ 9ರಂದು ಜನ ಅಧ್ಯಕ್ಷರ ಮನೆಗೆ ನುಗ್ಗಿದ್ದನ್ನು ಇಡೀ ಜಗತ್ತು ನೋಡಿತು. ಆ ಸಿಟ್ಟು ಎಲ್ಲಿ ಶುರುವಾಗಿತ್ತು ಅನ್ನುವುದರ ಒಂದು ಭಾಗ ನನ್ನ ಟೇಪಿನಲ್ಲಿತ್ತು.

ಈ ಕೆಲಸಕ್ಕೆ ಬಂದದ್ದು ಹೇಗೆ ಅಂತ ಪತ್ರಿಕೋದ್ಯಮ ಓದುವ ಹುಡುಗ ಹುಡುಗಿಯರು ಕೇಳುತ್ತಾರೆ. ದಾವಣಗೆರೆಯಲ್ಲಿ ಸ್ಟ್ರಿಂಗರ್ ಆಗಿ ಶುರು ಮಾಡಿದೆ. ಸ್ಟ್ರಿಂಗರ್ ಅಂದರೆ ಸಂಬಳ ಇಲ್ಲ, ಸುದ್ದಿಗೆ ಇಷ್ಟು ಅಂತ ದುಡ್ಡು. ಎಪಿಎಂಸಿಯಲ್ಲಿ ಮೆಕ್ಕೆಜೋಳದ ದರ, ಹರಿಹರದಲ್ಲಿ ತುಂಗಭದ್ರೆ ಉಕ್ಕಿದರೆ ಅದು, ಬರ ಬಂದರೆ ಜಗಳೂರು. ಬರದ ವರ್ಷಗಳಲ್ಲಿ ದೊಡ್ಡ ಚಾನೆಲ್‌ಗಳ ತಂಡ ದೆಹಲಿಯಿಂದ ಬರುತ್ತಿತ್ತು. ಅವರನ್ನು ಹಳ್ಳಿಗೆ ಕರೆದೊಯ್ಯುವವನು ನಾನು. ಕಾರಿಂದ ಇಳಿದವರೇ ಬಿರುಕು ಬಿಟ್ಟ ಕೆರೆಯಂಗಳ ಎಲ್ಲಿದೆ ಅಂತ ಕೇಳುತ್ತಿದ್ದರು. ಕೆರೆ ತೋರಿಸಿದರೆ ಸಂಜೆಯೊಳಗೆ ವಾಪಸ್. ಟ್ಯಾಂಕರ್ ನೀರಿಗೆ ಎಷ್ಟು ಕೊಡುತ್ತಾರೆ, ದನ ಮಾರಿದರಾ, ಗುಳೆ ಹೋದವರು ಎಷ್ಟು ಜನ, ಅದನ್ನೆಲ್ಲ ಕೇಳಲು ಹೊತ್ತಿರಲಿಲ್ಲ. ಒಂದು ಚಾನೆಲ್ ನನಗೆ ಕೊಡಬೇಕಾದ ದುಡ್ಡನ್ನು ತಿಂಗಳುಗಟ್ಟಲೆ ಎಳೆಯಿತು, ಹೆಸರಂತೂ ಎಲ್ಲೂ ಬರಲಿಲ್ಲ. ಅವರು ಹೋದ ಮೇಲೆ ಹಳ್ಳಿಯವರಿಗೆ ಉತ್ತರ ಕೊಡಬೇಕಾದವನು ನಾನೇ. ಹೊರಗಿನವರು ಕ್ಯಾಮೆರಾ ಹಿಡಿದು ಬಂದಾಗ ಊರಿನವರಿಗೆ ಹೇಗನಿಸುತ್ತದೆ ಅಂತ ನಾನು ತಿಳಿದದ್ದು ಹಾಗೆ, ಒಳಗಿನವನಾಗಿ ನಿಂತು.

ಆಮೇಲೆ ಬೆಂಗಳೂರು, ಆಮೇಲೆ ದೆಹಲಿ. ಹಿಂದಿ, ಇಂಗ್ಲಿಷ್ ಎರಡರಲ್ಲೂ ತಡವರಿಸದೆ ಮಾತಾಡಲು ಕಲಿಯಬೇಕಾಯಿತು. ಹೊರದೇಶದಲ್ಲಿ ಕಾಯಂ ಕಚೇರಿ ಇಟ್ಟಿರುವ ಭಾರತದ ಚಾನೆಲ್‌ಗಳು ತೀರಾ ಕಡಿಮೆ, ಖರ್ಚು ಜಾಸ್ತಿ. ರಾಯಿಟರ್ಸ್, ಎಪಿಯಂಥ ಸುದ್ದಿಸಂಸ್ಥೆಗಳು ಕಳಿಸುವ ದೃಶ್ಯಕ್ಕೆ ಸ್ಟುಡಿಯೋದಲ್ಲೇ ದನಿ ಕೊಟ್ಟರೆ ಅರ್ಧಕ್ಕರ್ಧ ವಿದೇಶಿ ಸುದ್ದಿ ಮುಗಿಯುತ್ತದೆ. ಹಾಗಾಗಿ ನಮ್ಮಂಥವರು ಏನಾದರೂ ದೊಡ್ಡದು ಆದಾಗ ವಿಮಾನ ಹತ್ತುವವರು.

2015ರ ಏಪ್ರಿಲ್ 25ರಂದು ನೇಪಾಳದಲ್ಲಿ 7.8 ತೀವ್ರತೆಯ ಭೂಕಂಪ ಆಯಿತು, ಸುಮಾರು 9,000 ಜನ ಸತ್ತರು. ಭಾರತದ ಚಾನೆಲ್‌ಗಳು ದಂಡು ದಂಡಾಗಿ ಹೋದವು. ಮೊದಮೊದಲು ಜನ ಬರಮಾಡಿಕೊಂಡರು. ಮೇ ತಿಂಗಳ ಶುರುವಿನಲ್ಲಿ ಟ್ವಿಟರ್ ತುಂಬ 'ಗೋ ಹೋಮ್ ಇಂಡಿಯನ್ ಮೀಡಿಯಾ' ಅನ್ನುವ ಕೂಗು. ಮನೆಯವರನ್ನು ಕಳೆದುಕೊಂಡವರ ಬಾಯಿಗೆ ಮೈಕ್ ಹಿಡಿದು ಹೇಗನಿಸ್ತಿದೆ ಅಂತ ಕೇಳಿದ್ದು, ರಕ್ಷಣೆಯ ಹೆಲಿಕಾಪ್ಟರ್‌ನಲ್ಲಿ ವರದಿಗಾರರು ಜಾಗ ಹಿಡಿದದ್ದು, ಭಾರತ ಒಂದೇ ಸಹಾಯ ಮಾಡುತ್ತಿದೆ ಅನ್ನೋ ಹಾಗೆ ಮಾತಾಡಿದ್ದು, ಕಾರಣ ಇವೇ. ನನಗೆ ಆ ಸಿಟ್ಟು ಹೊಸದಾಗಿ ಕಾಣಲಿಲ್ಲ, ಜಗಳೂರಿನಲ್ಲಿ ಅದನ್ನೇ ಕಂಡಿದ್ದೆ. ನಾವು ಹೆಲಿಕಾಪ್ಟರ್ ಹತ್ತಲಿಲ್ಲ. ಅತಿ ಹೆಚ್ಚು ಜನ ಸತ್ತಿದ್ದ ಸಿಂಧುಪಾಲ್ಚೋಕ್ ಜಿಲ್ಲೆಗೆ ಜೀಪಲ್ಲಿ ಹೋದೆವು, ರಸ್ತೆ ಮುಗಿದಲ್ಲಿ ನಡೆದೆವು. ಕಲ್ಲು ಮಣ್ಣಿನ ಮನೆಗಳೆಲ್ಲ ಕುಸಿದಿದ್ದವು. ಜೂನ್‌ನಲ್ಲಿ ಮಳೆ ಹಿಡಿಯುತ್ತದೆ, ಅದಕ್ಕೆ ಮೊದಲು ತಲೆ ಮೇಲೆ ತಗಡು ಬೇಕು. ಊರಲ್ಲಿ ಎಲ್ಲರ ಮಾತೂ ತಗಡಿನದೇ. ನಾನು ಅದನ್ನೇ ಸುದ್ದಿ ಮಾಡಿದೆ: ತಗಡಿಗೆ ಎಷ್ಟು ರೇಟು, ಮೇಲೆ ಯಾರು ಹೊತ್ತು ತರುತ್ತಾರೆ, ಯಾರ ಕೈಗೆ ಸಿಗುತ್ತಿಲ್ಲ.

ಲೈವ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾರೂ ಇದನ್ನು ಕಲಿಸುವುದಿಲ್ಲ. ಮೊದಲು ಓಬಿ ವ್ಯಾನ್ ಬೇಕಿತ್ತು, ಅಂದರೆ ದೃಶ್ಯವನ್ನು ಉಪಗ್ರಹಕ್ಕೆ ಕಳಿಸುವ ಗಾಡಿ. ಉಪಗ್ರಹ ಇರುವುದು ಸುಮಾರು 36,000 ಕಿಲೋಮೀಟರ್ ಮೇಲೆ, ಸಿಗ್ನಲ್ ಹತ್ತಿ ಇಳಿಯಲು ಕಾಲು ಸೆಕೆಂಡ್. ಈಗ ಬೆನ್ನಿಗೆ ಹಾಕುವ ಒಂದು ಬ್ಯಾಗ್ ಸಾಕು. ಅದರಲ್ಲಿ ಬೇರೆ ಬೇರೆ ಕಂಪನಿಯ ಸಿಮ್‌ಗಳಿರುತ್ತವೆ, ದೃಶ್ಯವನ್ನು ತುಂಡು ತುಂಡು ಮಾಡಿ ಎಲ್ಲ ನೆಟ್‌ವರ್ಕ್‌ಗೂ ಹಂಚಿ ಕಳಿಸುತ್ತದೆ, ಸ್ಟುಡಿಯೋ ಕಡೆ ಅದು ಮತ್ತೆ ಜೋಡಣೆಯಾಗುತ್ತದೆ. ಆದ್ದರಿಂದ ಹೊಸ ದೇಶದಲ್ಲಿ ಇಳಿದ ಕೂಡಲೇ ಮಾಡಬೇಕಾದ್ದು ಅಲ್ಲಿನ ಸಿಮ್ ಖರೀದಿ. ಡಿಲೇ, ಅಂದರೆ ಮಾತು ಆ ಕಡೆ ತಲುಪಲು ಆಗುವ ತಡ, ಮಾತ್ರ ಉಪಗ್ರಹಕ್ಕಿಂತ ಜಾಸ್ತಿ. ಆಂಕರ್ ಪ್ರಶ್ನೆ ಪೂರ್ತಿ ಮುಗಿಯುವವರೆಗೆ ಕಾಯಬೇಕು, ನಡುವೆ ಬಾಯಿ ಹಾಕಿದರೆ ಇಬ್ಬರ ಮಾತೂ ಹಾಳು. ಕಿವಿಯ ಇಯರ್‌ಪೀಸ್‌ಗೆ ಸ್ಟುಡಿಯೋದ ದನಿ ಬರಬೇಕು, ನಮ್ಮ ದನಿ ಬರಬಾರದು. ಕಂಟ್ರೋಲ್ ರೂಮಿನಲ್ಲಿ ಅದನ್ನು ಕಳೆಯದೆ ಬಿಟ್ಟರೆ ನಮ್ಮ ಮಾತೇ ತಡವಾಗಿ ಕಿವಿಗೆ ಬಿದ್ದು ನಾಲಿಗೆ ತೊದಲುತ್ತದೆ. ಆಗ ಇಯರ್‌ಪೀಸ್ ಕಿತ್ತು ಕ್ಯಾಮೆರಾ ನೋಡಿ ಹೇಳಬೇಕಾದ್ದನ್ನು ಹೇಳಿ ಮುಗಿಸಿ. ಬ್ಯಾಟರಿಗಳು ವಿಮಾನದಲ್ಲಿ ಕೈಚೀಲದಲ್ಲೇ ಇರಬೇಕು. ಒಂದು ಬ್ಯಾಟರಿ 100 ವ್ಯಾಟ್ ಅವರ್ (ಅದು ಹಿಡಿಯುವ ವಿದ್ಯುತ್ತಿನ ಅಳತೆ) ದಾಟಿದರೆ ಏರ್‌ಲೈನ್ಸ್‌ನ ಒಪ್ಪಿಗೆ ಬೇಕು.

ಬ್ಯಾಟರಿ ಕಷ್ಟ ನಿಜವಾಗಿ ತಿಳಿದದ್ದು ರೊಮೇನಿಯಾದ ಸಿರೆಟ್‌ನಲ್ಲಿ, ಉಕ್ರೇನ್ ಗಡಿಯಲ್ಲಿ. 2022ರ ಫೆಬ್ರವರಿ ಕೊನೆಯ ಚಳಿಯಲ್ಲಿ ಜಾಕೆಟ್ ಒಳಗೆ ಎದೆಗೆ ಒತ್ತಿ ಇಟ್ಟುಕೊಂಡರೂ ಬೇಗ ಇಳಿಯುತ್ತಿತ್ತು. ನಮ್ಮ ರಾತ್ರಿ ಒಂಬತ್ತರ ಬುಲೆಟಿನ್ ಅಂದರೆ ಅಲ್ಲಿ ಸಂಜೆ ಐದೂವರೆ, ಬೆಳಕು ಹೋಗುವ ಹೊತ್ತು. ಉಕ್ರೇನ್ ಮೇಲೆ ರಷ್ಯಾ ಯುದ್ಧ ಶುರು ಮಾಡಿತ್ತು, ಅಲ್ಲಿ ಓದುತ್ತಿದ್ದ ನಮ್ಮ ವಿದ್ಯಾರ್ಥಿಗಳು ಗಡಿ ದಾಟಿ ಬರುತ್ತಿದ್ದರು. ಸಾಲಿನಲ್ಲಿ ಎಲ್ಲೋ ಕನ್ನಡ ಕೇಳಿದರೆ ನಾನು ಓಡುತ್ತಿದ್ದೆ. ಮೊದಲು ನನ್ನ ಫೋನ್ ಕೊಟ್ಟು ಮನೆಗೆ ಮಾತಾಡಿಸುತ್ತಿದ್ದೆ, ಕ್ಯಾಮೆರಾ ಆಮೇಲೆ. 'ಅವ್ವಾ, ದಾಟಿದೆ' ಅಂತ ಒಬ್ಬಳು ಅಂದಳು, ಮುಂದೆ ಮಾತು ಬರಲಿಲ್ಲ. ನಾವು ಅದನ್ನು ಚಿತ್ರೀಕರಿಸಲಿಲ್ಲ.

ಮಾರ್ಚ್ 1ರಂದು ಉಕ್ರೇನ್‌ನ ಖಾರ್ಕಿವ್‌ನಲ್ಲಿ ಹಾವೇರಿ ಜಿಲ್ಲೆ ಚಳಗೇರಿಯ ವೈದ್ಯ ವಿದ್ಯಾರ್ಥಿಯೊಬ್ಬ ಶೆಲ್ ದಾಳಿಗೆ ಬಲಿಯಾದ, ಊಟದ ಸಾಮಾನು ತರಲು ಹೊರಗೆ ಹೋದವನು. ದಾವಣಗೆರೆಯಿಂದ ಅವನ ಊರು ದೂರವೇನಲ್ಲ. ಆ ದಿನ ಊರ ಕಡೆಯಿಂದ ನನಗೆ ಬಂದ ಕರೆಗಳೆಲ್ಲ ಮಕ್ಕಳನ್ನು ಕಾಯುತ್ತಿದ್ದ ತಂದೆತಾಯಿಯರದ್ದು. ಲೈವ್‌ಗಳ ನಡುವೆ ಸಿಕ್ಕ ಹೊತ್ತಲ್ಲಿ ಹೆಸರು, ಕಾಲೇಜು ಬರೆದುಕೊಂಡು ಬಸ್‌ನಿಂದ ಇಳಿದವರ ಹತ್ತಿರ ವಿಚಾರಿಸುತ್ತಿದ್ದೆ. ಅದು ವರದಿಗಾರನ ಕೆಲಸವೇ ಅಂತ ನನ್ನ ನಂಬಿಕೆ. ಮಾರ್ಚ್ 21ರಂದು ಚಳಗೇರಿಯ ಆ ಹುಡುಗನ ದೇಹ ಬೆಂಗಳೂರಿಗೆ ಬಂತು. ತಂದೆತಾಯಿ ಅದನ್ನು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನ ಕೊಟ್ಟರು.

ಕೊನೆಗೆ ಫಿಕ್ಸರ್ ವಿಷಯ. ಹೊರದೇಶದಲ್ಲಿ ದಾರಿ ತೋರಿಸಿ, ಭಾಷೆ ಹೇಳಿ, ಯಾವ ರಸ್ತೆಗೆ ಹೋಗಬಾರದು ಅಂತ ಎಚ್ಚರಿಸುವ ಆ ಸ್ಥಳೀಯ ವ್ಯಕ್ತಿ ಸಾಮಾನ್ಯವಾಗಿ ಅಲ್ಲಿನ ಪತ್ರಕರ್ತನೇ, ನಮಗಿಂತ ಜಾಸ್ತಿ ತಿಳಿದವನು. ನಾನು ಆಯಾ ದಿನದ ದುಡ್ಡನ್ನು ಅದೇ ಸಂಜೆ ಕೈಗೆ ಕೊಡುತ್ತೇನೆ. ನಮಗೆ ಹೆಲ್ಮೆಟ್, ಗುಂಡು ತಡೆಯುವ ಜಾಕೆಟ್ ಇದ್ದರೆ ಅವನಿಗೂ ಇರಬೇಕು, ಇಲ್ಲದಿದ್ದರೆ ಹೊರಡುವುದಿಲ್ಲ. ವಿಮೆಯಲ್ಲಿ ಅವನ ಹೆಸರು ಸೇರಿಸಿ ಅಂತ ಡೆಸ್ಕ್ ಜೊತೆ ಜಗಳ ಆಡಿದ್ದೇನೆ, ಮತ್ತೂ ಆಡುತ್ತೇನೆ. ಪ್ರಸಾರಕ್ಕೆ ಮುಂಚೆ ಒಂದು ಮಾತು ಕೇಳುತ್ತೇನೆ: ನಿಮ್ಮ ಹೆಸರು ಹಾಕಲಾ, ಬೇಡವಾ? ನಾವು ವಿಮಾನ ಹತ್ತಿದ ಮೇಲೂ ಅವನು ಅಲ್ಲೇ ಇರಬೇಕಲ್ಲ. ಹಾಕಿ ಅಂದರೆ ತೆರೆ ಮೇಲೆ ನನ್ನ ಹೆಸರಿನ ಜೊತೆಗೇ ಬರುವ ಹಾಗೆ ನೋಡಿಕೊಳ್ಳುತ್ತೇನೆ. ಬೇಡ ಅಂದರೆ ಕಳಿಸುವ ಫೈಲ್‌ನಲ್ಲೂ ಬರೆಯುವುದಿಲ್ಲ.